ಹಿರಿಯರ ಕಾರಿಗೆ ಬೇಕಾದದ್ದು ತಂಪು ಗಾಜು, ಕಪ್ಪು ಗಾಜಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಸ್ಪೋರ್ಟ್ಸ್ ಕಾರುಗಳ ಗಾಜಿಗೆ ಅಂಟಿಸುವ ಫಿಲ್ಮ್ ಕುರಿತು ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಯಾವ ಬಣ್ಣದ ಕಾರಿಗೆ ಎಷ್ಟು ಗಾಢ ಟಿಂಟ್ ಒಪ್ಪುತ್ತದೆ ಎಂಬುದನ್ನು ಚಿತ್ರಗಳ ಸಮೇತ ವಿವರಿಸಿದ್ದೀರಿ. ಆ ಗಾಜಿನ ಹಿಂದೆ ಕೂತು ಓಡಿಸುವವರ ವಯಸ್ಸೆಷ್ಟು ಎಂಬ ಮಾತು ಮಾತ್ರ ಎಲ್ಲೂ ಬರಲಿಲ್ಲ. ಫಿಲ್ಮ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬಿದ್ದೇನೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನನಗೀಗ ಅರವತ್ತೇಳು. ದುಡಿಯುವ ವಯಸ್ಸನ್ನೆಲ್ಲ ಫೋಟೊ ಸ್ಟುಡಿಯೊದಲ್ಲಿ, ಕೈಯಲ್ಲಿ ಲೈಟ್ ಮೀಟರ್ ಹಿಡಿದು ಕಳೆದವಳು. ಎರಡು ಬಾಗಿಲಿನ, ಎರಡೇ ಸೀಟಿನ ಕೂಪೆ ಕಾರೊಂದನ್ನು ಓಡಿಸಬೇಕೆಂಬುದು ಬಹುಕಾಲದ ಆಸೆಯಾಗಿತ್ತು. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ ಆ ಆಸೆ ತೀರಿಸಿಕೊಂಡೆ. ಕಾರು ಬಂದ ಮೇಲೆ ಎದ್ದ ಮೊದಲ ಚರ್ಚೆಯೇ ಫಿಲ್ಮ್‌ನದು. ಅಕ್ಕನ ಮಗ ಹೇಳಿದ: "ಚಿಕ್ಕಮ್ಮ, ಇಂಥ ತಗ್ಗು ಕಾರಿಗೆ ಕಪ್ಪು ಗಾಜು ಇದ್ದರೇನೇ ಗತ್ತು. 20ರ ಫಿಲ್ಮ್ ಹಾಕಿಸಿಬಿಡಿ, ಬಿಸಿಲೂ ತಾಗಲ್ಲ." ಅವನ ಕಾಳಜಿಯಲ್ಲಿ ಕೊರತೆಯಿಲ್ಲ. ಆದರೆ ಅವನ ವಯಸ್ಸು ಇಪ್ಪತ್ತಾರು. ಅವನ ಕಣ್ಣಿಗೂ ನನ್ನ ಕಣ್ಣಿಗೂ ಇರುವ ಅಂತರ ಅವನಿಗೆ ಗೊತ್ತಾಗುವುದು ಹೇಗೆ? ಅದನ್ನು ಲೆಕ್ಕ ಹಾಕಿಯೇ ತೋರಿಸಿದೆ. ಅದೇ ಲೆಕ್ಕವನ್ನು ನಿಮ್ಮ ಓದುಗರ ಮುಂದೆಯೂ ಇಡುತ್ತೇನೆ.

ಫಿಲ್ಮ್‌ನ ಮೇಲಿರುವ 20, 35, 50, 70 ಎಂಬ ಸಂಖ್ಯೆಗಳು ವಿಎಲ್‌ಟಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇಕಡಾ ಎಷ್ಟು ಒಳಗೆ ಬರುತ್ತದೆ ಎಂಬ ಅಳತೆ. ಸಂಖ್ಯೆ ಇಳಿದಷ್ಟೂ ಕತ್ತಲೆ ಹೆಚ್ಚು. ಇಲ್ಲಿ ಅನೇಕರು ಬಿಟ್ಟುಬಿಡುವ ಸಂಗತಿಯೊಂದಿದೆ. ಕಂಪನಿಯಿಂದ ಬರುವ ಬರಿಯ ಗಾಜೂ ಪೂರ್ತಿ ಬೆಳಕನ್ನು ಬಿಡುವುದಿಲ್ಲ. ನನ್ನ ಕಾರಿನ ಪಕ್ಕದ ಗಾಜನ್ನು ನನ್ನ ಮೀಟರ್‌ನಲ್ಲೇ ಅಳೆದೆ. ಮೂರನೇ ಒಂದು ಸ್ಟಾಪ್ ಕಡಿಮೆ ತೋರಿಸಿತು, ಎಂದರೆ ಸುಮಾರು ಶೇ 79 ಒಳಗೆ ಬರುತ್ತಿದೆ. (ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್ ಇಳಿಯಿತು ಎನ್ನುವುದು ನಮ್ಮ ಕಸುಬಿನ ಮಾತು.) ಇದರ ಮೇಲೆ ಫಿಲ್ಮ್ ಬಂದರೆ ಎರಡನ್ನೂ ಗುಣಿಸಬೇಕು. 50ರ ಫಿಲ್ಮ್ ಅಂಟಿಸಿದರೆ ಉಳಿಯುವುದು ಶೇ 40ರ ಹತ್ತಿರ. 35ರದ್ದಾದರೆ ಶೇ 28. ಅಕ್ಕನ ಮಗ ಹೇಳಿದ 20ರ ಫಿಲ್ಮ್‌ಗೆ ಶೇ 16 ಮಾತ್ರ, ಎರಡೂವರೆ ಸ್ಟಾಪ್‌ಗಿಂತಲೂ ಹೆಚ್ಚು ನಷ್ಟ.

ಇನ್ನು ಕಣ್ಣಿನ ಲೆಕ್ಕ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲೂ ಮೊದಲಿನಷ್ಟು ಅರಳುವುದಿಲ್ಲ. ಒಳಗಿನ ಮಸೂರ ಹಳದಿಗಟ್ಟುತ್ತಾ ಮಬ್ಬಾಗುತ್ತಾ ಹೋಗುತ್ತದೆ. ಇವೆರಡೂ ಸೇರಿ, ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು ಎಂದು ಕಣ್ಣಿನ ವಿಜ್ಞಾನದಲ್ಲಿ ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಹೆಚ್ಚುಕಡಿಮೆ ಆಗುತ್ತದೆ, ಸರಿ. ಆದರೂ ಸ್ಟಾಪ್‌ನಲ್ಲಿ ಹೇಳುವುದಾದರೆ ಒಂದೂವರೆಗೂ ಮಿಗಿಲು ಆಗಲೇ ಹೋಗಿದೆ. ಅಂದರೆ ನನ್ನ ವಯಸ್ಸಿನವರು ಬರಿಯ ಗಾಜಿನ ಕಾರಿನಲ್ಲಿ ಕೂತಾಗ ಕಣ್ಣೊಳಗೆ ಬರುವ ಬೆಳಕು, ಇಪ್ಪತ್ತರ ಹುಡುಗ 33ರ ಫಿಲ್ಮ್ ಅಂಟಿಸಿದ ಕಾರಿನಲ್ಲಿ ಕೂತಾಗ ಅವನ ಕಣ್ಣಿಗೆ ಬರುವಷ್ಟೇ. ಗಾಢ ಟಿಂಟ್ ನಮ್ಮ ಕಣ್ಣಿನಲ್ಲೇ ಇದೆ. ಅದರ ಮೇಲೆ ಇನ್ನೊಂದು ಪದರ ಯಾಕೆ?

ಈ ಲೆಕ್ಕದ ಮೇಲೆ ನಂಬಿಕೆ ಬರದವರಿಗೆ ನನ್ನದೇ ಕಣ್ಣಿನ ಸಾಕ್ಷಿ ಕೊಡಬಲ್ಲೆ. ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಎಡಗಣ್ಣಿನದು ಬಾಕಿ ಇದೆ. ಬಿಳಿ ಹಾಳೆಯೊಂದನ್ನು ಮುಂದಿಟ್ಟುಕೊಂಡು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಹೊಸ ಲೆನ್ಸ್‌ನ ಕಣ್ಣಿಗೆ ಹಾಳೆ ತಿಳಿನೀಲಿ ಛಾಯೆಯ ಬಿಳುಪು, ಹಳೆಯದಕ್ಕೆ ಟೀ ಬಿದ್ದು ಒಣಗಿದ ಬಣ್ಣ. ಬಣ್ಣದ ಛಾಯೆ ಗುರುತಿಸುವುದೇ ಹೊಟ್ಟೆಪಾಡಾಗಿದ್ದ ನನಗೇ, ಶಸ್ತ್ರಚಿಕಿತ್ಸೆಯ ಮುಂಚೆ ಆ ಹಳದಿ ಕಂಡಿರಲಿಲ್ಲ. ಮೆಲ್ಲಮೆಲ್ಲನೆ ಬರುವ ಕತ್ತಲೆಗೆ ಮೆದುಳು ಒಗ್ಗಿಕೊಂಡುಬಿಡುತ್ತದೆ. ಆದ್ದರಿಂದ "ನನಗೆ ಚೆನ್ನಾಗಿ ಕಾಣುತ್ತೆ" ಎನ್ನುವ ಮಾತನ್ನು ನಮ್ಮ ವಯಸ್ಸಿನಲ್ಲಿ ಪೂರ್ತಿ ನಂಬಬಾರದು. ಕಣ್ಣಿನ ವೈದ್ಯರ ಬಳಿ ಹೋಗಿ, ಅಕ್ಷರ ಓದಿಸುವ ಪರೀಕ್ಷೆಯ ಜೊತೆಗೆ ಮಂದ ಬೆಳಕಿನಲ್ಲಿ ಬೂದು ಬಣ್ಣದ ವಸ್ತು ಎಷ್ಟು ಕಾಣುತ್ತದೆ, ಎದುರಿನ ಬೆಳಕಿಗೆ ಕಣ್ಣು ಎಷ್ಟು ಕೋರೈಸುತ್ತದೆ ಎಂದೂ ಕೇಳಿ ತಿಳಿದು, ಆಮೇಲೆ ಫಿಲ್ಮ್‌ನ ಅಂಗಡಿಗೆ ಹೋಗುವುದು ಸರಿಯಾದ ಕ್ರಮ.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ಈ ಕಾರುಗಳ ಸೀಟು ನೆಲಕ್ಕೆ ಹತ್ತಿರ. ಕಿಟಕಿಗಳು ಕಿರಿದು, ಬಾಗಿಲಿನ ಅಂಚು ಭುಜದೆತ್ತರಕ್ಕೆ ಬರುತ್ತದೆ, ಸೀಟಿನ ಹಿಂದಿನ ಕಂಬ ದಪ್ಪ. ಮೊದಲೇ ಕಾಣುವ ಜಾಗ ಕಡಿಮೆ, ಆ ಕಡಿಮೆ ಜಾಗವನ್ನೂ ಕಪ್ಪಾಗಿಸಿದರೆ ಪಕ್ಕದಿಂದ ಬರುವ ಸೈಕಲ್ ಸವಾರ ಕಾಣುವುದೇ ಇಲ್ಲ. ಕುತ್ತಿಗೆ ತಿರುಗಿಸಿ ಹಿಂದೆ ನೋಡುವುದು ಇಪ್ಪತ್ತರಲ್ಲಿ ಸುಲಭ. ನಮ್ಮ ವಯಸ್ಸಿನಲ್ಲಿ ಕುತ್ತಿಗೆ ಅಷ್ಟು ತಿರುಗದೆ ಸೈಡ್ ಮಿರರ್ ಮೇಲೇ ಹೆಚ್ಚು ಭಾರ ಹಾಕುತ್ತೇವೆ. ಆ ಮಿರರ್ ಇರುವುದು ಗಾಜಿನಾಚೆ. ಮುಂದಿನ ಬಾಗಿಲಿನ ಗಾಜು ಕಪ್ಪಾದರೆ ಮಿರರ್ ಕೂಡ ಅಷ್ಟೇ ಕಪ್ಪಾಯಿತು. ಮುಸ್ಸಂಜೆಯಲ್ಲಿ, ಮಳೆಯಲ್ಲಿ, ದೀಪವಿಲ್ಲದ ತಿರುವಿನಲ್ಲಿ ಇದರ ಬೆಲೆ ತಿಳಿಯುತ್ತದೆ.

ಹಿಂದಿನ ಗಾಜಿನದು ಬೇರೆಯೇ ಕತೆ. ಕೂಪೆ ಕಾರಿನಲ್ಲಿ ಅದು ಬಹಳ ಓರೆಯಾಗಿ ಮಲಗಿರುತ್ತದೆ. ಫಿಲ್ಮ್‌ನ ವಿಎಲ್‌ಟಿಯನ್ನು ಅಳೆಯುವುದು ಗಾಜಿಗೆ ನೇರವಾಗಿ ಬೆಳಕು ಹಾಯಿಸಿ. ಓರೆಯಾಗಿ ನೋಡಿದಾಗ ಪ್ರತಿಫಲನ ಹೆಚ್ಚುತ್ತದೆ, ಬೆಳಕು ಪದರದೊಳಗೆ ಹೆಚ್ಚು ದೂರ ಸಾಗುತ್ತದೆ, ಹಾಗಾಗಿ ನಿಜವಾಗಿ ಕಣ್ಣಿಗೆ ತಲುಪುವುದು ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ. ದೊಡ್ಡ ಎಸ್‌ಯುವಿಗಳ ಹೆಡ್‌ಲೈಟ್ ನಮ್ಮ ತಗ್ಗು ಕಾರಿನ ಮಿರರ್‌ಗೆ ನೇರ ಹೊಡೆಯುತ್ತದೆ, ಅದನ್ನು ತಡೆಯಲು ಹಿಂದಿನ ಗಾಜಿಗಾದರೂ ಕಪ್ಪು ಬೇಕು ಎನ್ನುವವರಿದ್ದಾರೆ. ಅವರ ತೊಂದರೆ ನನಗೂ ಗೊತ್ತು. ವಯಸ್ಸಾದ ಕಣ್ಣು ಒಮ್ಮೆ ಕೋರೈಸಿದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಅದಕ್ಕೆ ಮದ್ದು ಮಿರರ್‌ನಲ್ಲಿದೆ. ತಾನಾಗಿ ಮಂಕಾಗುವ ಒಳಗಿನ ಮಿರರ್, ಅದಿಲ್ಲದಿದ್ದರೆ ಮಿರರ್‌ನ ಕೆಳಗಿರುವ ರಾತ್ರಿಯ ಪುಟ್ಟ ಲಿವರ್, ಕನ್ನಡಕಕ್ಕೆ ಪ್ರತಿಫಲನ ತಡೆಯುವ ಕೋಟಿಂಗ್, ಗಾಜಿನ ಒಳಮೈಯನ್ನು ಆಗಾಗ ಒರೆಸಿಡುವುದು ಇವು ಬೇಕಾದಾಗ ಮಾತ್ರ ಕೆಲಸ ಮಾಡುತ್ತವೆ ಅಥವಾ ಬೆಳಕನ್ನು ಕದಿಯದೆ ಕೆಲಸ ಮಾಡುತ್ತವೆ. ಕಪ್ಪು ಫಿಲ್ಮ್ ಮಾತ್ರ ಹಗಲು ರಾತ್ರಿ ಅಂಟಿಕೊಂಡೇ ಇರುತ್ತದೆ. ರಾತ್ರಿಯ ಚಾಲನೆಗೆಂದು ಮಾರುವ ಹಳದಿ ಕನ್ನಡಕವೂ ಬೆಳಕನ್ನು ಕದಿಯುವಂಥದ್ದೇ. ಅದನ್ನು ಹಾಕಿಕೊಂಡವರಿಗೆ ರಾತ್ರಿ ಪಾದಚಾರಿಗಳು ಹೆಚ್ಚು ಚೆನ್ನಾಗಿ ಕಾಣುವುದಿಲ್ಲ ಎಂಬುದನ್ನು ಜಾಮಾ ಆಫ್ತಲ್ಮಾಲಜಿ ಎಂಬ ನೇತ್ರವೈದ್ಯಕೀಯ ಪತ್ರಿಕೆಯ 2019ರ ಅಧ್ಯಯನವೊಂದು ತೋರಿಸಿದೆ.

"ಹಾಗಾದರೆ ಬಿಸಿಲಲ್ಲಿ ಬೇಯಬೇಕಾ?" ಎಂದು ಅಕ್ಕನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಫಿಲ್ಮ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಿಸಿಲು ನಮ್ಮ ವಯಸ್ಸಿನವರನ್ನು ಬೇಗ ಸುಸ್ತು ಮಾಡುತ್ತದೆ, ಸುಸ್ತಾದವರು ಚೆನ್ನಾಗಿ ಓಡಿಸಲಾರರು. ಆದರೆ ಬಿಸಿಯನ್ನೂ ಕಪ್ಪನ್ನೂ ಒಂದೇ ಎಂದು ತಿಳಿಯುವುದು ತಪ್ಪು. ಸೂರ್ಯನಿಂದ ನೆಲಕ್ಕೆ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದನ್ನು ತಡೆದು, ಕಾಣುವ ಬೆಳಕನ್ನು ಒಳಗೆ ಬಿಡುವ ಫಿಲ್ಮ್‌ಗಳು ಈಗ ಇವೆ. ಸೆರಾಮಿಕ್ ಫಿಲ್ಮ್ ಎಂದು ಕರೆಯುತ್ತಾರೆ. 70 ಅಥವಾ 80ರ ವಿಎಲ್‌ಟಿಯ, ಕಣ್ಣಿಗೆ ಬರಿಯ ಗಾಜಿನಂತೆಯೇ ಕಾಣುವ ಒಳ್ಳೆಯ ಸೆರಾಮಿಕ್ ಫಿಲ್ಮ್, ಬಣ್ಣ ಹಾಕಿದ ಅಗ್ಗದ ಕಪ್ಪು ಫಿಲ್ಮ್‌ಗಿಂತ ಹೆಚ್ಚು ಬಿಸಿ ತಡೆಯಬಲ್ಲದು. ಬಣ್ಣದ ಫಿಲ್ಮ್ ಕೆಲವು ಬೇಸಿಗೆ ಕಳೆಯುವುದರೊಳಗೆ ನೇರಳೆಗೆ ತಿರುಗುತ್ತದೆ, ಗುಳ್ಳೆ ಏಳುತ್ತದೆ. ಲೋಹದ ಲೇಪನದ್ದು ಬಿಸಿ ತಡೆಯುತ್ತದೆ, ಆದರೆ ಮೊಬೈಲ್, ರೇಡಿಯೊ, ಜಿಪಿಎಸ್ ಸಿಗ್ನಲ್‌ಗಳಿಗೆ ಅಡ್ಡಿಯಾಗಬಹುದು.

ಕೊಳ್ಳುವಾಗ ಎಚ್ಚರ ಬೇಕಾದದ್ದು ಇಲ್ಲಿ. ಅಂಗಡಿಯಲ್ಲಿ ಕೆಂಪು ಹೀಟ್ ಲ್ಯಾಂಪ್ ಹೊತ್ತಿಸಿ, ಫಿಲ್ಮ್‌ನ ಹಿಂದೆ ಕೈ ಇಡಲು ಹೇಳಿ, ತಂಪಾಯಿತಲ್ಲ ನೋಡಿ ಎನ್ನುತ್ತಾರೆ. ಆ ದೀಪದಿಂದ ಬರುವುದು ಬಹುಪಾಲು ಇನ್‌ಫ್ರಾರೆಡ್, ಬಿಸಿಲಿನ ಮಿಶ್ರಣವೇ ಬೇರೆ. "ಶೇ 95 ಇನ್‌ಫ್ರಾರೆಡ್ ತಡೆ" ಎಂದು ಬರೆದದ್ದು ತರಂಗಾಂತರದ ಚಿಕ್ಕ ತುಣುಕೊಂದರಲ್ಲಿ ಅಳೆದ ಲೆಕ್ಕವಾಗಿರಬಹುದು. ಕೇಳಬೇಕಾದದ್ದು ಟಿಎಸ್‌ಇಆರ್. ಸೂರ್ಯನ ಒಟ್ಟು ಶಕ್ತಿಯಲ್ಲಿ ಎಷ್ಟನ್ನು ಹೊರಗೇ ನಿಲ್ಲಿಸುತ್ತದೆ ಎಂಬ ಅಂಕಿ ಅದು. ವಿಎಲ್‌ಟಿ ಮತ್ತು ಟಿಎಸ್‌ಇಆರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಫಿಲ್ಮ್ ಬೆಳಕು ಬಿಟ್ಟು ಬಿಸಿ ತಡೆಯುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಇವೆರಡನ್ನೂ ಹೇಳಲು ಒಲ್ಲದ ಅಂಗಡಿಯಿಂದ ನಾನು ಎದ್ದು ಬಂದೆ.

ಚರ್ಮದ ಮಾತೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ಗಾಜು ಎರಡು ಪದರದ ಲ್ಯಾಮಿನೇಟೆಡ್ ಗಾಜಾದ್ದರಿಂದ ನೇರಳಾತೀತ ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕದ ಗಾಜಿನ ಭರವಸೆ ಅಷ್ಟಿಲ್ಲ. ಜಾಮಾ ಆಫ್ತಲ್ಮಾಲಜಿಯಲ್ಲಿ 2016ರಲ್ಲಿ ಬಂದ ಅಧ್ಯಯನದಲ್ಲಿ 15 ಕಂಪನಿಗಳ 29 ಕಾರುಗಳನ್ನು ಅಳೆದಾಗ, ಮುಂದಿನ ಗಾಜು ಯುವಿ-ಎ ಎಂಬ ಬಗೆಯ ನೇರಳಾತೀತ ಕಿರಣವನ್ನು ಸರಾಸರಿ ಶೇ 96 ತಡೆದರೆ, ಚಾಲಕರ ಪಕ್ಕದ ಗಾಜು ಸರಾಸರಿ ಶೇ 71 ಮಾತ್ರ ತಡೆಯಿತು. ಕಾರಿನಿಂದ ಕಾರಿಗೆ ಅದು 44ರಿಂದ 96ರವರೆಗೂ ಏರಿಳಿಯಿತು. 28 ವರ್ಷ ಟ್ರಕ್ ಓಡಿಸಿದ 69ರ ಚಾಲಕರೊಬ್ಬರ ಫೋಟೊವನ್ನು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತ್ತು. ಕಿಟಕಿಯ ಕಡೆಯ ಎಡಗೆನ್ನೆ ಸುಕ್ಕುಗಟ್ಟಿ ಜೋತು ಬಿದ್ದಿದೆ, ಬಲಗೆನ್ನೆ ಹಾಗಿಲ್ಲ. ಮುಖಗಳ ಫೋಟೊ ತೆಗೆದೇ ಬದುಕಿದ ನನಗೆ ಆ ಒಂದು ಚಿತ್ರ ಎಷ್ಟೋ ಉಪನ್ಯಾಸಗಳಿಗಿಂತ ಹೆಚ್ಚು ಹೇಳಿತು. ಬಲಗಡೆ ಕೂತು ಓಡಿಸುವ ನಮ್ಮಂಥವರಿಗೆ ಬಲಗೆನ್ನೆಯ ಸರದಿ. ಸಮಾಧಾನದ ಸಂಗತಿ ಎಂದರೆ ಬಣ್ಣವೇ ಇಲ್ಲದ ಒಳ್ಳೆಯ ಫಿಲ್ಮ್ ಕೂಡ ನೇರಳಾತೀತ ಕಿರಣವನ್ನು ಶೇ 99ರವರೆಗೆ ತಡೆಯುತ್ತದೆ. ಅದಕ್ಕೂ ಕಪ್ಪು ಬೇಕಿಲ್ಲ.

ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೊಕ್ರೋಮಿಕ್ ಕನ್ನಡಕ ಹಾಕುವವರು ಒಂದು ಮಾತು ತಿಳಿದಿರಬೇಕು. ಸಾಮಾನ್ಯವಾಗಿ ಅವು ಕಪ್ಪಾಗುವುದು ನೇರಳಾತೀತ ಕಿರಣದಿಂದ. ಗಾಜು ಆ ಕಿರಣವನ್ನು ತಡೆದ ಮೇಲೆ ಕಾರಿನೊಳಗೆ ಅವು ಅಷ್ಟಾಗಿ ಕಪ್ಪಾಗುವುದಿಲ್ಲ. ಹಗಲಿಗೆ ಬೇರೆ ತಂಪು ಕನ್ನಡಕ ಇಟ್ಟುಕೊಳ್ಳುವುದೇ ಸರಿ. ಅದನ್ನು ಸಂಜೆ ತೆಗೆದಿಡಬಹುದು. ಪೋಲರೈಸ್ಡ್ ಕನ್ನಡಕದಲ್ಲಿ ನೋಡಿದರೆ ಕಾಯಿಸಿ ಗಟ್ಟಿಮಾಡಿದ ಟೆಂಪರ್ಡ್ ಗಾಜಿನ ಮೇಲೆ ಚುಕ್ಕೆ ಚುಕ್ಕೆಯ ಛಾಯೆ ಕಾಣಬಹುದು, ಹಾಗಾಗಿ ಫಿಲ್ಮ್‌ನ ಮಾದರಿ ನೋಡಲು ಹೋಗುವಾಗ ನಿಮ್ಮ ಎಲ್ಲಾ ಕನ್ನಡಕಗಳನ್ನೂ ಜೊತೆಗೆ ಒಯ್ಯಿರಿ.

ಮಾದರಿ ನೋಡುವ ಹೊತ್ತೂ ಮುಖ್ಯ. ಮಧ್ಯಾಹ್ನದ ಬೆಳಕಿನಲ್ಲಿ ಎಂಥ ಫಿಲ್ಮ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಸೂರ್ಯ ಮುಳುಗಿ ಬೀದಿದೀಪ ಹತ್ತುವ ಮುಂಚಿನ ಹೊತ್ತಿನಲ್ಲಿ, ಅದೇ ಫಿಲ್ಮ್ ಅಂಟಿಸಿದ ಕಾರಿನ ಚಾಲಕರ ಸೀಟಿನಲ್ಲಿ ಕೂತು, ಸೈಡ್ ಮಿರರ್ ನೋಡಿ, ಭುಜದ ಮೇಲಿಂದ ಹಿಂದೆ ನೋಡಿ. ಕಡುಬಣ್ಣದ ಬಟ್ಟೆ ತೊಟ್ಟ ಒಬ್ಬರನ್ನು ಹಿಂದಿನ ಕಂಬದ ಪಕ್ಕ ನಿಲ್ಲಲು ಹೇಳಿ. ನಾನು ಅಕ್ಕನ ಮಗನನ್ನೇ ನಿಲ್ಲಿಸಿದೆ. 35ರ ಫಿಲ್ಮ್ ಇದ್ದ ಕಾರಿನಿಂದ ಅವನ ಬಿಳಿ ಶೂ ಮಾತ್ರ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವನು ಸೀಟಿನಲ್ಲಿ ಕೂತ, ನಾನು ಹೊರಗೆ ನಿಂತೆ. ಅವನಿಗೆ ನನ್ನ ಮುಖವೂ ಕಂಡಿತಂತೆ. 20ರ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಕೊನೆಗೆ ನಾನು ಆರಿಸಿದ್ದು ಇಷ್ಟು: ಮುಂದಿನ ಗಾಜಿಗೆ ಏನೂ ಇಲ್ಲ. ಎರಡೂ ಬಾಗಿಲಿಗೆ ಮತ್ತು ಹಿಂದಿನ ಗಾಜಿಗೆ 80ರ ಸೆರಾಮಿಕ್. ಅಂಟಿಸಿದ ಮೇಲೆ ಬಾಗಿಲಿನ ಗಾಜಿನಲ್ಲಿ ಮೀಟರ್ ಮೂರನೇ ಎರಡು ಸ್ಟಾಪ್ ಕಡಿಮೆ ತೋರಿಸಿತು, ಅಂದರೆ ಶೇ 63 ಬೆಳಕು ಒಳಗಿದೆ. ಬಣ್ಣದ ಛಾಯೆ ತಟಸ್ಥವಾಗಿದೆಯೇ ಎಂದು ಬಿಳಿ ಹಾಳೆ ಹಿಡಿದು ನೋಡಿದೆ, ನೀಲಿಯೂ ಇಲ್ಲ, ಕಂದೂ ಇಲ್ಲ. ಮುಂದಿನ ಗಾಜಿನ ಮೇಲಂಚಿಗೆ ಕಪ್ಪು ಪಟ್ಟಿ ಹಾಕೋಣವೇ ಎಂದು ಕೇಳಿದರು, ಬೇಡವೆಂದೆ. ತಗ್ಗು ಸೀಟಿನಿಂದ ಸಿಗ್ನಲ್ ದೀಪ ನೋಡಲು ಮೇಲಕ್ಕೇ ನೋಡಬೇಕು, ಆ ಪಟ್ಟಿ ಬರುವುದು ಸರಿಯಾಗಿ ಅಲ್ಲಿಯೇ.

ನಿಯಮದ ಮಾತನ್ನೂ ಸೇರಿಸುತ್ತೇನೆ. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದ ಗಾಜು ಶೇ 50 ಬೆಳಕು ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸುವುದನ್ನೇ ತಡೆದಿತ್ತು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂದು ಮಾನದಂಡಕ್ಕೆ ಒಪ್ಪುವ ಸೇಫ್ಟಿ ಗ್ಲೇಜಿಂಗ್‌ಗೂ (ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸುರಕ್ಷತಾ ಗಾಜಿಗೂ) ಜಾಗ ಸಿಕ್ಕಿದೆ. ಬ್ರಿಟನ್‌ನಲ್ಲಿ ಮುಂದಿನ ಗಾಜಿಗೆ 75, ಮುಂದಿನ ಬಾಗಿಲುಗಳಿಗೆ 70. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಇವೆಲ್ಲ ಫಿಲ್ಮ್ ಮತ್ತು ಗಾಜು ಸೇರಿದ ಲೆಕ್ಕ ಎಂಬುದನ್ನು ಮರೆಯಬಾರದು. ನನ್ನ ಹಿಂದಿನ ಗಾಜು ಬಾಗಿಲಿನ ಗಾಜಿಗಿಂತ ತಿಳಿಯಾದದ್ದು, ಹಾಗಾಗಿ ಫಿಲ್ಮ್ ಸೇರಿಯೂ 70ರ ಮೇಲೇ ನಿಂತಿತು. ನಿಂತಿರದಿದ್ದರೆ ಅಲ್ಲಿಗೆ ಫಿಲ್ಮ್ ಬೇಡವೆನ್ನುತ್ತಿದ್ದೆ.

ಅಂಟಿಸುವವರ ಕೈಚಳಕದ ಬಗ್ಗೆ ಎರಡು ಮಾತು. ಬಹುತೇಕ ಕೂಪೆಗಳ ಬಾಗಿಲಿನ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಬಾಗಿಲ ಹಿಡಿ ಎಳೆದೊಡನೆ ಗಾಜು ತುಸು ಕೆಳಗಿಳಿದು, ಮುಚ್ಚಿದ ಮೇಲೆ ರಬ್ಬರಿನೊಳಗೆ ಏರಿ ಕೂರುತ್ತದೆ. ಪ್ರತಿ ಸಲವೂ ಫಿಲ್ಮ್‌ನ ಮೇಲಂಚು ಉಜ್ಜುತ್ತದೆ. ಅಂಚನ್ನು ಕೂದಲೆಳೆಯಷ್ಟು ಕೆಳಗೆ, ನುಣುಪಾಗಿ ಕತ್ತರಿಸದಿದ್ದರೆ ಅಲ್ಲಿಂದಲೇ ಸುಲಿಯಲು ಶುರು. ಆದ್ದರಿಂದ ಇಂಥ ಬಾಗಿಲುಗಳಿಗೆ ಮೊದಲು ಅಂಟಿಸಿದ್ದೀರಾ ಎಂದು ಕೇಳಿ, ಅಂಟಿಸಿದ ಕಾರೊಂದನ್ನು ತೋರಿಸಲು ಹೇಳಿ. ಅಂಟು ಒಣಗುವ ಮೊದಲ ಕೆಲವು ದಿನ ಕಿಟಕಿ ಇಳಿಸಬಾರದು, ಈ ಕಾರುಗಳಲ್ಲಿ ಸಾಧ್ಯವಾದಷ್ಟು ಬಾಗಿಲನ್ನೂ ತೆರೆಯದಿರುವುದು ಲೇಸು. ಆ ದಿನಗಳಲ್ಲಿ ಕಾಣುವ ನೀರಿನ ಮಬ್ಬಿಗೆ ಗಾಬರಿ ಬೇಡ, ಒಣಗಿದಂತೆ ಹೋಗುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಬೇಡಿ. ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ತೆಳು ಗೆರೆಗಳಿದ್ದರೆ, ಅಂಟಿಸಿದ ಫಿಲ್ಮ್ ಮುಂದೆ ಕೀಳುವಾಗ ಆ ಗೆರೆಗಳೂ ಕಿತ್ತು ಬರಬಹುದು. ಈಗ ಕಪ್ಪು ಹಾಕಿಸಿ ಆಮೇಲೆ ಬೇಡವಾದರೆ ತೆಗೆಸೋಣ ಎನ್ನುವ ಯೋಚನೆ ಅಲ್ಲಿ ನಡೆಯುವುದಿಲ್ಲ. ಬಟ್ಟೆಯ ಮೇಲ್ಛಾವಣಿಯ ಹಳೆಯ ಕಾರಿನ ಹಿಂಕಿಟಕಿ ಪ್ಲಾಸ್ಟಿಕ್ ಆಗಿದ್ದರೆ ಅದಕ್ಕೆ ಫಿಲ್ಮ್ ಅಂಟಿಸುವ ಗೊಡವೆಯೇ ಬೇಡ.

ಸಂಪಾದಕರೇ, ನನ್ನ ಕೋರಿಕೆ ಇದು. ಮುಂದೆ ನಿಮ್ಮ ವಾಹನ ಪುಟದಲ್ಲಿ ಫಿಲ್ಮ್ ಬಗ್ಗೆ ಬರೆಯುವಾಗ ವಿಎಲ್‌ಟಿ, ಟಿಎಸ್‌ಇಆರ್ ಎರಡನ್ನೂ ಪಟ್ಟಿಯಲ್ಲಿ ಕೊಡಿ. ಹೊರಗಿನಿಂದ ತೆಗೆದ ಕಾರಿನ ಚಿತ್ರದ ಜೊತೆಗೆ, ಮುಸ್ಸಂಜೆಯಲ್ಲಿ ಚಾಲಕರ ಸೀಟಿನಿಂದ ಸೈಡ್ ಮಿರರ್ ಕಡೆಗೆ ತೆಗೆದ ಚಿತ್ರವೊಂದನ್ನೂ ಹಾಕಿ, ಬೇರೆ ಬೇರೆ ಫಿಲ್ಮ್‌ಗಳಿಗೆ ಒಂದೇ ಎಕ್ಸ್‌ಪೋಶರ್ ಇಟ್ಟು. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಕತ್ತಲನ್ನು ತಾನೇ ಸರಿಪಡಿಸಿ ಎಲ್ಲ ಫಿಲ್ಮ್‌ಗಳನ್ನೂ ಒಂದೇ ಥರ ತೋರಿಸುತ್ತದೆ. ಇದನ್ನು ನಿಮ್ಮ ಛಾಯಾಗ್ರಾಹಕರಿಗೆ ವಿಶೇಷವಾಗಿ ತಿಳಿಸಿ.

ವಂದನೆಗಳೊಂದಿಗೆ,
ನಿಮ್ಮ ಹಿರಿಯ ಓದುಗಿ